ಬೆಳೆಗೆ ಕೇಳಿಸಬಾರದು

ಸುದ್ದಿ ನನಗೆ ತಿಳಿದದ್ದು ತಾಳಗುಂದದ ಕಡೆಯ ಒಂದು ಮೆಕ್ಕೆಜೋಳದ ಹೊಲದಲ್ಲಿ. ಎಲೆಯ ಹಿಂಬದಿ ತಿರುಗಿಸಿ ನೋಡುತ್ತ ನಿಂತಿದ್ದೆ. ಹೊಲದ ಯಜಮಾನ ಎರಡು ಬೆರಳು ಮಡಚಿ ಸನ್ನೆ ಮಾಡಿದ. "ಮೇಡಮ್, ಸ್ವಲ್ಪ ಬದುವಿಗೆ ಬರ್ರಿ."

ಹೋದೆ. ಆತ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬಾಯಿಗೆ ಟವೆಲ್ ಅಡ್ಡ ಹಿಡಿದು ಪಿಸುಗುಟ್ಟಿದ. "ನಮ್ ಎಲೆ ಡಾಕ್ಟ್ರು ಹೋಗಿಬಿಟ್ರಂತೆ."

"ಯಾವಾಗ?" ನಾನೂ ಪಿಸುಗುಟ್ಟಿದೆ.

"ಮೊನ್ನೆ. ಸೊರಬದ ಕಡಿಗೆ, ಅವರ ಮನ್ಯಾಗೆ."

ಸುತ್ತ ಒಂದು ಕೊಕ್ಕರೆ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಇಬ್ಬರೂ ಕಳ್ಳರ ಹಾಗೆ ಕಿವಿಗೆ ಬಾಯಿ ಹತ್ತಿರ ತಂದು ಮಾತಾಡುತ್ತಿದ್ದೆವು. ನನಗೆ ಅಳು ಬರಬೇಕಾದ ಜಾಗದಲ್ಲಿ ನಗು ಬಂತು. ಆತನಿಗೂ ಬಂತು. ಹೀಗೆ ಬದುವಿಗೆ ಕರೆದು ಗುಟ್ಟು ಹೇಳುವುದನ್ನು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿಗೆ ಕಲಿಸಿದವರೇ ಆ ಸತ್ತ ಮನುಷ್ಯ.

ಅವರು ನಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಕರಾಗಿದ್ದವರು. ಕಡ್ಡಿಯಂಥ ಆಳು, ಮೊಣಕೈವರೆಗೆ ಮಡಚಿದ ತೋಳು, ಕೊರಳಲ್ಲಿ ಹುರಿಗೆ ಕಟ್ಟಿದ ಒಂದು ಭೂತಗನ್ನಡಿ. ಸೊರಬದ ಕಡೆಯವರಾದ್ದರಿಂದ ಎರಡು ಮಾತಿಗೊಮ್ಮೆ 'ಮಾರಾಯ್ರೆ' ಬರುತ್ತಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ, "ಅದೂ ಎರಡನೇ ಸಲಕ್ಕೆ" ಅಂತ ತಾವೇ ಸೇರಿಸುತ್ತಿದ್ದರು.

ಅಲ್ಲಿಗೆ ನಾನು ಅಧಿಕಾರಿಯಾಗಿ ಬಂದೆ. ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದ ಮೊದಲ ಪ್ರಾಣಿ ನಾನು. ಹೈಸ್ಕೂಲಿಗೆ ನಡೆದೇ ಹೋದವಳು, ಹಾಸ್ಟೆಲ್ಲಿನ ನೀರು ಸಾರು ಕುಡಿದು ಕೃಷಿ ಪದವಿ ಮುಗಿಸಿದವಳು. ಘಟಿಕೋತ್ಸವದ ಫೋಟೋವನ್ನು ಅವ್ವ ದೇವರ ಗೂಡಿನಲ್ಲಿ ಇಟ್ಟಿದ್ದಳು, ದಿನಾ ಊದುಬತ್ತಿಯ ಹೊಗೆ ಫೋಟೋದೊಳಗಿನ ನನ್ನ ಮೂಗಿಗೂ ಬಡಿಯುತ್ತಿತ್ತು. ಅಪ್ಪ ಇನ್ನೊಂದು ಹೆಜ್ಜೆ ಮುಂದೆ. ಊರವರ ಟಿಲ್ಲರಿನ ಹಿಂದೆ ದೇವರ ಹೆಸರಿದ್ದರೆ ನಮ್ಮ ಟಿಲ್ಲರಿನ ಟ್ರೇಲರಿಗೆ ಕೆಂಪು ಬಣ್ಣದಲ್ಲಿ 'ಬಿ.ಎಸ್ಸಿ. ಅಗ್ರಿ' ಎಂದು ಬರೆಸಿದ್ದ. ಹುಲ್ಲು ಹೇರಿದರೂ ಗೊಬ್ಬರ ಹೇರಿದರೂ ನನ್ನ ಪದವಿ ಹಿಂದಿನಿಂದ ಓಡುತ್ತಿತ್ತು. ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಈಗಲೂ ಇದೆ.

ಮೊದಲ ದಿನ ಅವರು ಎದ್ದು ನಿಂತು ಕೈಮುಗಿದು, "ಬನ್ನಿ ಪದವೀಧರರೇ" ಅಂದರು. ಗೌರವ ಅಂದುಕೊಂಡೆ. ಒಂದು ವಾರ ಕಳೆದ ಮೇಲೆ ಅನುಮಾನ ಶುರುವಾಯಿತು. "ಪದವೀಧರರೇ, ಕಿಟಕಿ ಹಾಕ್ಲಾ?" "ಪದವೀಧರರೇ, ಟೀಗೆ ಸಕ್ಕರೆ ಎಷ್ಟು?" ಎಲ್ಲಿಯಾದರೂ ತಪ್ಪಿ 'ಮೇಡಮ್' ಅನ್ನಲಿ ಎಂದು ಕಾದೆ. ಅನ್ನಲಿಲ್ಲ. ಜನ ಅವರನ್ನು ಡಾಕ್ಟ್ರೇ ಅನ್ನುತ್ತಿದ್ದರು, ನನ್ನನ್ನು ಮೇಡಮ್. ಓದಿದವಳು ನಾನು, ಡಾಕ್ಟರು ಅವರು. ಇದು ಯಾವ ನ್ಯಾಯ ಎಂದು ಹೊಟ್ಟೆಯೊಳಗೇ ಉರಿದುಕೊಳ್ಳುತ್ತಿದ್ದೆ.

ಅವರ ವೈದ್ಯಕೀಯಕ್ಕೆ ಕೆಲವು ಕಟ್ಟಳೆಗಳಿದ್ದವು. ಕಿಸೆಯಲ್ಲಿ ಒಂದು ಎಲೆ ಮಡಚಿ ತಂದವರನ್ನು ನೋಡುತ್ತಲೇ ಇರಲಿಲ್ಲ. "ಜ್ವರ ಬಂದ್ರೆ ಕಿವಿ ಒಂದೇ ಕಿತ್ಕೊಂಡು ಆಸ್ಪತ್ರೆಗೆ ಹೋಗ್ತೀರಾ ಮಾರಾಯ್ರೆ? ಇಡೀ ಆಸಾಮಿ ಬರ್ಲಿ." ಇಡೀ ಆಸಾಮಿ ಅಂದರೆ ಬೇರು, ಬೇರಿಗೆ ಅಂಟಿದ ಮಣ್ಣು ಸಮೇತ ಗಿಡ. ಹಾಗಾಗಿ ನಮ್ಮ ಆಫೀಸಿನ ನೆಲ ಯಾವಾಗಲೂ ಬಿತ್ತನೆಗೆ ತಯಾರಾದ ಹಾಗೆಯೇ ಇರುತ್ತಿತ್ತು.

ಒಮ್ಮೆ ಒಬ್ಬ ಅಜ್ಜಿ ತನಗಿಂತ ಎತ್ತರದ ತೊಗರಿ ಗಿಡವನ್ನು ಬುಡಸಮೇತ ಕಿತ್ತು ಬಸ್ಸಿನಲ್ಲಿ ತಂದಳು. ಕಂಡಕ್ಟರು ಬಾಗಿಲಲ್ಲೇ ತಡೆದನಂತೆ. ಅಜ್ಜಿ ಆ ಜಗಳವನ್ನು ನಮ್ಮೆದುರು ಮತ್ತೆ ಆಡಿ ತೋರಿಸಿದಳು.

"ಅಜ್ಜಿ, ನಿಂಗೆ ಫ್ರೀ. ಇದಕ್ಕೆ ಟಿಕೆಟ್ ತಗೋಬೇಕು."

"ಹೆಂಗಸ್ರಿಗೆಲ್ಲ ಫ್ರೀ ಅಲ್ಲೇನಪ್ಪಾ?"

"ತೊಗರಿ ಗಂಡೋ ಹೆಣ್ಣೋ, ನಂಗೇನ್ ಗೊತ್ತು."

"ಕಾಯಿ ಬಿಡೋದು ಹೆಣ್ಣಲ್ಲದೆ ಮತ್ತೇನು?"

"ಇದು ಕಾಯೇ ಬಿಟ್ಟಿಲ್ವಲ್ಲಜ್ಜಿ."

"ಅದಕ್ಕೇ ಕಣೋ ಡಾಕ್ಟ್ರ ಹತ್ರ ಕರ್ಕೊಂಡ್ ಹೊಂಟಿರದು."

ಆ ತೊಗರಿಗೆ ಬಂದಿದ್ದು ಗೊಡ್ಡು ರೋಗ. ಕಣ್ಣಿಗೆ ಕಾಣದ ನುಸಿಯೊಂದು ಹರಡುವ ನಂಜು. ಗಿಡ ಹಸಿರಾಗಿ ಪೊದೆಯಾಗಿ ಬೆಳೆಯುತ್ತದೆ, ಹೂವಿಲ್ಲ, ಕಾಯಿಲ್ಲ. ಅಂಥ ಗಿಡಗಳನ್ನು ಮೊದಲೇ ಗುರುತಿಸಿ ಕಿತ್ತರೆ ಉಳಿದವು ಬದುಕುತ್ತವೆ. ಇದನ್ನು ಅವರು ಅಜ್ಜಿಗೆ ಹೇಳಿದ್ದು ಆಫೀಸಿನ ಹಿಂದಿನ ಕಾಂಪೌಂಡಿಗೆ ಕರೆದುಕೊಂಡು ಹೋಗಿ, ಪಿಸುಮಾತಿನಲ್ಲಿ. ತೊಗರಿ ಗಿಡ ಒಳಗೆ ಬೆಂಚಿನ ಮೇಲೆ ಒರಗಿಕೊಂಡು ಕಾಯುತ್ತಿತ್ತು.

ಬಂದ ಬೆಳೆಗಳನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ದಾಖಲಿಸುತ್ತಿದ್ದರು. ಒಂದು ಪುಟ ನನಗೆ ಬಾಯಿಪಾಠವಾಗಿದೆ. 'ರೋಗಿ: ಶೇಂಗಾ. ವಯಸ್ಸು: ಐವತ್ತು ದಿನ. ಜೊತೆಗೆ ಬಂದವರು: ಅತ್ತೆ ಮತ್ತು ಸೊಸೆ. ತೊಂದರೆಗೆ ಕಾರಣ: ಸೊಸೆಯ ಪ್ರಕಾರ ಎಲೆಚುಕ್ಕೆ, ಅತ್ತೆಯ ಪ್ರಕಾರ ಸೊಸೆ.' ತಪಾಸಣೆಗೆ ಬಂದ ಮೇಲಿನ ಸಾಹೇಬರು ಇದನ್ನು ಓದಿ ಕೆಮ್ಮಿನ ನೆಪದಲ್ಲಿ ಹೊರಗೆ ಹೋಗಿ ನಕ್ಕು ಬಂದರು. ಆಮೇಲೆ ಸರ್ಕಾರಿ ದಾಖಲೆಯಲ್ಲಿ ಹೀಗೆಲ್ಲ ಬರೆಯಬಾರದು ಎಂದು ಗದರಿದರು. "ಇದು ನನ್ನ ಸ್ವಂತದ ನೋಟ್‌ಬುಕ್ಕು ಸಾರ್" ಅಂದರು ಇವರು. "ಹಾಗಾದ್ರೆ ಇನ್ನೊಂದು ಪುಟ ತೋರಿಸಿ" ಅಂದರು ಸಾಹೇಬರು.

ಬೀಜದ ಭತ್ತವನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೇಲಿಸುವ ಕ್ರಮವೊಂದಿದೆ. ನೀರಿಗೆ ಸಾಕಷ್ಟು ಉಪ್ಪು ಬಿತ್ತೇ ಎಂದು ತಿಳಿಯಲು ಕೋಳಿಮೊಟ್ಟೆ ಬಿಡುತ್ತಾರೆ. ಮೊಟ್ಟೆ ತೇಲಿದರೆ ಉಪ್ಪು ಸರಿ. ಆಮೇಲೆ ತಳದಲ್ಲಿ ಉಳಿದ ಗಟ್ಟಿ ಕಾಳನ್ನು ಒಳ್ಳೆ ನೀರಿನಲ್ಲಿ ತೊಳೆದು ಬಿತ್ತಬೇಕು. ಕಾಳಿನ ಜೊತೆ ಬರುವ ರೋಗ ಅರ್ಧ ಅಲ್ಲೇ ಹೋಗುತ್ತದೆ. ಆದರೆ ಲಿಂಗ ಕಟ್ಟಿದವರ ಮನೆಯ ಅಂಗಳಕ್ಕೆ ಮೊಟ್ಟೆ ತರುವುದು ಹೇಗೆ? ಇದನ್ನು ತೋರಿಸಲು ಡಾಕ್ಟರು ನಮ್ಮ ಮನೆಗೇ ಬಂದಿದ್ದಾಗ ಒಮ್ಮೆ ಈ ಪ್ರಶ್ನೆ ಎದ್ದು ಅವ್ವ ಒಳಗಿನಿಂದ ಒಂದು ಆಲೂಗಡ್ಡೆ ತಂದಳು. ಆಲೂಗಡ್ಡೆ ತೇಲಿತು, ಜೊಳ್ಳು ತೇಲಿತು, ಕೆಲಸ ಮುಗಿಯಿತು. ಊಟಕ್ಕೆ ಕೂತಾಗ ಡಾಕ್ಟರು ಪಲ್ಯದ ಒಂದು ಹೋಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಇವರನ್ನ ಎಲ್ಲೋ ನೋಡಿದೀನಲ್ಲ ಮಾರಾಯ್ರೆ" ಅಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಆದರೆ ನನಗೆ ಸಹಿಸಲಾಗದಿದ್ದದ್ದು ಆ ಬದುವಿನ ಪದ್ಧತಿ. ಹೊಲಕ್ಕೆ ಹೋದರೆ ಗಿಡದ ಎದುರು ಅವರು ರೋಗದ ಹೆಸರೆತ್ತುತ್ತಿರಲಿಲ್ಲ. ಭೂತಗನ್ನಡಿಯಲ್ಲಿ ನೋಡುವುದು, "ಹ್ಞೂಂ" ಅನ್ನುವುದು, ಎರಡು ಬೆರಳು ಮಡಚಿ ರೈತನನ್ನು ಬದುವಿಗೆ ಕರೆಯುವುದು, ಕಿವಿಯಲ್ಲಿ ಹೇಳುವುದು. ಯಾಕೆ ಅಂತ ಕೇಳಿದರೆ, "ಬೆಳೆಗೆ ಕೇಳಿಸಬಾರದು ಪದವೀಧರರೇ. ಧೈರ್ಯಗೆಡ್ತದೆ."

ನಾಲ್ಕು ವರ್ಷ ಸಸ್ಯರೋಗಶಾಸ್ತ್ರ ಉರು ಹೊಡೆದ ನನಗೆ ಇದು ಹುಚ್ಚು ಅನ್ನಿಸಿತು. ಗಿಡಕ್ಕೆ ಕಿವಿ ಇದೆ ಎಂದು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷದ ಮಳೆಗಾಲದಲ್ಲಿ ಅಪ್ಪ ಫೋನ್ ಮಾಡಿದ. ನಮ್ಮೂರು ಬಳ್ಳಿಗಾವಿಯ ಪಕ್ಕ. "ಮೇಲಿನ ಗದ್ದೆ ಮಡಿಯಾಗೆ ಭತ್ತದ ಎಲೆಗೆ ಚುಕ್ಕಿ ಬಿದ್ದಾವೆ. ಬಂದು ನೋಡವ್ವಾ." ಅಪ್ಪ ನನ್ನ ಓದನ್ನು ಕೆಲಸಕ್ಕೆ ಕರೆದದ್ದು ಅದೇ ಮೊದಲು. ಹೋದೆ. ಗದ್ದೆಯ ಹತ್ತಿರ ಅಪ್ಪ ಒಬ್ಬನೇ ಇರಲಿಲ್ಲ, ಸುತ್ತಲಿನ ಗದ್ದೆಯವರು ಹದಿನಾಲ್ಕು ಜನ ನಿಂತಿದ್ದರು. ಅಪ್ಪನೇ ಕರೆಸಿದ್ದ. ಟ್ರೇಲರನ್ನೂ ತಂದು, ಬರಹ ಕಾಣುವ ಹಾಗೆ ನಿಲ್ಲಿಸಿದ್ದ.

ನಾನು ಗದ್ದೆಗೆ ಇಳಿಯಲೂ ಇಲ್ಲ. ಅಂಚಿನಲ್ಲೇ ಬಗ್ಗಿ ಒಂದು ಎಲೆ ಕಿತ್ತು, ಎತ್ತಿ ಹಿಡಿದು, ಕ್ಲಾಸಿನಲ್ಲಿ ಉತ್ತರ ಹೇಳುವ ದನಿಯಲ್ಲಿ ಹೇಳಿದೆ. "ಇದು ಬೆಂಕಿ ರೋಗ." ಸಾಲದು ಅಂತ ಅದರ ಲ್ಯಾಟಿನ್ ಹೆಸರನ್ನೂ ಹೇಳಿದೆ. ಒಂದು ಔಷಧಿಯ ಹೆಸರು ಹೇಳಿದೆ. ಒಬ್ಬರೂ ಎದುರಾಡಲಿಲ್ಲ. ಅಪ್ಪನ ಮುಖ ನೋಡಬೇಕಿತ್ತು. ಅದು ಹೊಳೆಯುತ್ತಿದ್ದ ರೀತಿಗೆ ಟ್ರೇಲರಿನ ಬಣ್ಣ ಮಂಕಾಗಿತ್ತು.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ, ಕೇಳದಿದ್ದರೂ, ಈ ಕಥೆಯನ್ನು ಡಾಕ್ಟರಿಗೆ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟರು.

"ಚುಕ್ಕೆ ಹ್ಯಾಗಿತ್ತು? ಕಣ್ಣಿನ ಹಾಗೋ, ಎಳ್ಳಿನ ಹಾಗೋ?"

ಬೆಂಕಿ ರೋಗದ ಚುಕ್ಕೆ ಎರಡು ತುದಿ ಚೂಪಾಗಿ, ನಡುವೆ ಬೂದಿ ಬಣ್ಣವಾಗಿ, ಕಣ್ಣಿನ ಆಕಾರಕ್ಕಿರುತ್ತದೆ. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಪೂರ್ತಿ ಅಂಕ ತಗೊಂಡವಳು ನಾನು. ನಿನ್ನೆ ಕೈಯಲ್ಲಿ ಹಿಡಿದ ಎಲೆಯ ಮೇಲೆ ಇದ್ದದ್ದು ಯಾರೋ ಎಳ್ಳು ಚೆಲ್ಲಿದ ಹಾಗೆ.

"ಎಳ್ಳು" ಅಂದೆ.

"ಯಾರ್ಯಾರು ಕೇಳಿಸ್ಕೊಂಡ್ರು?"

"ಹದಿನಾಲ್ಕು ಜನ."

"ನಡೀರಿ" ಅಂದರು.

ಅವರ ಮೊಪೆಡ್ಡಿನ ಹಿಂದೆ ಕೂತು ಹೋಗುವಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಆ ಟ್ರೇಲರೇ ಇತ್ತು. ತಪ್ಪು ಊರಿಗೆ ಗೊತ್ತಾದರೆ ಆ ಬರಹ ಜನಕ್ಕೆ ಜೋಕಾಗುತ್ತದೆ. ಅಪ್ಪ ಒಂದು ಡಬ್ಬಿ ಬಣ್ಣ ತಂದು, ಯಾರಿಗೂ ಏನೂ ಹೇಳದೆ, ಅದನ್ನು ಅಳಿಸುತ್ತಾನೆ. ಅಳಿಸಿದ ಮೇಲೆ ಮತ್ತೆಂದೂ ನನ್ನನ್ನು ಗದ್ದೆಗೆ ಕರೆಯುವುದಿಲ್ಲ. ಕೆಲಸ ಹೋದರೂ ಅಷ್ಟು ಭಯವಾಗುತ್ತಿರಲಿಲ್ಲ.

ಊರು ತಲುಪಿದಾಗ ಹದಿನಾಲ್ಕೂ ಜನ ಶಿಕಾರಿಪುರದ ಗೊಬ್ಬರದಂಗಡಿಗೆ ಹೋಗಿ ಬಂದಾಗಿತ್ತು. ಕೆಲವರು ಬೆನ್ನಿಗೆ ಸ್ಪ್ರೇಯರ್ ಕಟ್ಟಿದ್ದರು, ಒಬ್ಬ ಡ್ರಮ್ಮಿಗೆ ನೀರು ತುಂಬುತ್ತಿದ್ದ. ಔಷಧಿಯ ಪೊಟ್ಟಣ ಇನ್ನೂ ಒಡೆದಿರಲಿಲ್ಲ.

"ಸ್ವಲ್ಪ ನಿಲ್ರಿ, ಗಾಳಿ ಸರಿ ಇಲ್ಲ" ಅಂದರು ಡಾಕ್ಟರು. ಗಾಳಿ ಸರಿಯಾಗಿಯೇ ಇತ್ತು.

ಪ್ಯಾಂಟು ಮಡಚಿ ಮೇಲಿನ ಮಡಿಗೆ ಇಳಿದರು. ಒಂದು ಬುಡ ಕಿತ್ತು ಬೇರು ಮೂಸಿದರು, ಎಲೆಗೆ ಭೂತಗನ್ನಡಿ ಹಿಡಿದರು. ಅಕ್ಕಪಕ್ಕದ ಗದ್ದೆಗಳಲ್ಲೂ ಒಂದು ಸುತ್ತು ಹಾಕಿ ಬಂದರು. "ಹ್ಞೂಂ" ಅಂದರು. ಎರಡು ಬೆರಳು ಮಡಚಿದರು. ಕರೆದದ್ದು ಅಪ್ಪನನ್ನಲ್ಲ, ನನ್ನನ್ನು.

"ಕಂದು ಚುಕ್ಕೆ" ಅಂತ ಪಿಸುಗುಟ್ಟಿದರು. "ಹಸಿದ ಮೈಗೆ ಕಜ್ಜಿ ಬಂದ ಹಾಗೆ. ಈ ಮಡಿಗೆ ಸುಮಾರು ವರ್ಷದಿಂದ ಕೊಟ್ಟಿಗೆ ಗೊಬ್ಬರ ಕಂಡಿಲ್ಲ. ಪೊಟ್ಯಾಷೂ ಇಲ್ಲ. ಔಷಧಿಗಿಂತ ಮೊದಲು ಊಟ ಬೇಕು ಇದಕ್ಕೆ. ಗೊಬ್ಬರ ಯಾಕೆ ನಿಲ್ತು, ಗೊತ್ತಾ?"

ಗೊತ್ತಿತ್ತು. ಟಿಲ್ಲರ್ ಹತ್ತದ ಎತ್ತರದ ಮಡಿ ಅದು. ಗೊಬ್ಬರವನ್ನು ಬುಟ್ಟಿಯಲ್ಲಿ ತಲೆ ಮೇಲೆ ಹೊರಬೇಕು. ಹೊರುತ್ತಿದ್ದವಳು ನಾನು. ನಾನು ಡಿಗ್ರಿಗೆ ಹೋದೆ, ಗದ್ದೆ ಉಪವಾಸ ಬಿತ್ತು.

"ಅಪ್ಪನಿಗೆ ನೀವೇ ಹೇಳ್ತೀರಾ ಸಾರ್?"

"ಗದ್ದೆ ವಿಷಯ ನಾ ಹೇಳ್ತೀನಿ. ತಪ್ಪಿನ ವಿಷಯ ನೀವೇ ಹೇಳ್ಬೇಕು ಪದವೀಧರರೇ."

ಅಪ್ಪನನ್ನು ಬದುವಿನ ಆ ತುದಿಗೆ ಕರೆದೆ. ಅಲ್ಲಿ ನಮ್ಮ ಎಮ್ಮೆ ಮೇಯುತ್ತಿತ್ತು. "ಅಪ್ಪಾ, ನಿನ್ನೆ ನಾನು ಹೇಳಿದ್ದು ತಪ್ಪು. ಸರಿಯಾಗಿ ನೋಡಲಿಲ್ಲ. ಎಲ್ಲರೂ ಇದ್ರಲ್ಲ, ಜಂಬಕ್ಕೆ ಹೇಳಿಬಿಟ್ಟೆ." ಅಪ್ಪ ನೆಲ ನೋಡಿದ, ಹದಿನಾಲ್ಕು ಜನರನ್ನು ನೋಡಿದ, ಟ್ರೇಲರನ್ನು ನೋಡಿದ.

"ಸಣ್ಣಗೆ ಹೇಳವ್ವಾ" ಅಂದ, "ಎಮ್ಮೆಗೆ ಕೇಳ್ಸೀತು."

ಅಷ್ಟರಲ್ಲಿ ಡಾಕ್ಟರು ಹದಿನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಒಬ್ಬೊಬ್ಬರನ್ನೇ ಬದುವಿಗೆ ಕರೆದು ಕಿವಿಯಲ್ಲಿ ಏನೋ ಹೇಳಿ ಕಳಿಸುತ್ತಿದ್ದರು. ಹೋಗುವಾಗ ಗಾಬರಿಯಲ್ಲಿದ್ದವರು ಬರುವಾಗ ಮೀಸೆ ತಿರುವುತ್ತ, ಉಳಿದವರನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತ ಬಂದರು. ಸ್ಪ್ರೇಯರ್ ಬಿಚ್ಚಿದರು. ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಮನೆಗೆ ಹೋದರು. ಆ ಸಂಜೆ ಹದಿನಾಲ್ಕು ಪೊಟ್ಟಣಗಳೂ ಅಂಗಡಿಗೆ ವಾಪಸ್. ಅಂಗಡಿಯಾತ ನಮ್ಮ ಆಫೀಸಿಗೆ ಫೋನ್ ಮಾಡಿ, "ಅವ್ರೇನ್ರೀ ಊದಿದ್ದು ಇವರ ಕಿವ್ಯಾಗೆ?" ಅಂತ ಕೂಗಾಡಿದ.

ಊದಿದ್ದನ್ನು ನಾನು ದಾರಿಯಲ್ಲೇ ಕೇಳಿ ತಿಳಿದಿದ್ದೆ. ಹದಿನಾಲ್ಕು ಕಿವಿಗೂ ಒಂದೇ ಮಾತು. "ನಿಮ್ಮೊಬ್ಬರದೇ ಸರಿ ಇರೋದು. ಯಾರಿಗೂ ಹೇಳ್ಬೇಡಿ, ಹೊಟ್ಟೆಕಿಚ್ಚು ಪಡ್ತಾರೆ."

"ಸುಳ್ಳಲ್ವಾ ಸಾರ್?"

"ಯಾವುದು ಸುಳ್ಳು? ಹದಿನಾಲ್ಕೂ ಸರಿಯಾಗೇ ಇದಾವೆ. 'ಒಬ್ಬರದೇ' ಅನ್ನೋದು ಮಾತ್ರ ಸ್ವಲ್ಪ ಒಗ್ಗರಣೆ. ಎಲ್ಲರೆದುರು ರೋಗದ ಹೆಸರು ಹೇಳಿದ್ರೆ ಅದು ಎಲ್ಲರ ಗದ್ದೆಗೂ ಬಂದ ಹಾಗೇ ಮಾರಾಯ್ರೆ. ಶಿಲೀಂಧ್ರಕ್ಕೆ ಹರಡೋಕೆ ಗಾಳಿ ಬೇಕು, ಮಳೆ ಬೇಕು. ಹೆಸರಿಗೆ ಅದೂ ಬೇಡ."

ಅವರು ಬದುವಿಗೆ ಕರೆಯುವುದು ಯಾಕೆ ಎಂದು ನನಗೆ ಆಗ ತಿಳಿಯಿತು. ಕೇಳಿಸಬಾರದಿದ್ದದ್ದು ಬೆಳೆಗಲ್ಲ, ಪಕ್ಕದ ಹೊಲದವನಿಗೆ.

ಒಂದು ಮಾತ್ರ ಅವರು ಹೇಳಲಿಲ್ಲ. ಹೊರಡುವ ಮುಂಚೆ ಅಪ್ಪನನ್ನೂ ಬದುವಿಗೆ ಕರೆದಿದ್ದರು. ಗೊಬ್ಬರ, ಪೊಟ್ಯಾಷ್ ಅಂತ ಬಹಳ ಹೊತ್ತು ಮಾತಾಡಿದರು, ಕೊನೆಗೆ ಕಿವಿಗೆ ಇನ್ನೇನೋ ಹೇಳಿದರು. ಅಪ್ಪ ಕೂಡ ಮೀಸೆ ತಿರುವುತ್ತ ಬಂದ. ಏನಂದರು ಎಂದು ಕೇಳಿದರೆ "ಗದ್ದೆ ವಿಚಾರ" ಅಂದ. ಟ್ರೇಲರಿನ ಬರಹಕ್ಕೆ ಕೈ ಹಚ್ಚಲಿಲ್ಲ. ಮುಂದಿನ ಬೇಸಿಗೆಯಲ್ಲಿ ರಜೆ ಹಾಕಿ ನಾನೇ ಆ ಮಡಿಗೆ ಬುಟ್ಟಿ ಹೊತ್ತೆ. "ಬಿ.ಎಸ್ಸಿ. ಅಗ್ರಿ ಗೊಬ್ಬರ ಹೊರ್ತದಲ್ಲೋ" ಅಂತ ದಾರಿಯಲ್ಲಿ ಯಾರೋ ನಕ್ಕರು. "ಅಗ್ರಿ ಅಂದ್ರೇನ್ ಅಂದ್ಕೊಂಡಿದ್ದಿ?" ಅಂದ ಅಪ್ಪ.

ಅವರು ನಿವೃತ್ತರಾಗಿ ಸೊರಬದ ಹತ್ತಿರದ ತಮ್ಮ ಊರಿಗೆ ಹೋದ ಮೇಲೆ ಒಂದು ದಿನ ಫೋನ್ ಬಂತು. "ಪದವೀಧರರೇ, ಮನೇಲಿ ಒಬ್ರಿಗೆ ಹುಷಾರಿಲ್ಲ. ಬಂದು ನೋಡ್ಕೊಂಡ್ ಹೋಗ್ತೀರಾ?" ಒಂದು ಚಿಪ್ಪು ಬಾಳೆಹಣ್ಣು ತಗೊಂಡು ಹೋದೆ. ಬಾಗಿಲು ತೆಗೆದವರು ಅವರ ಮನೆಯವರು, ಗಟ್ಟಿಮುಟ್ಟಾಗಿದ್ದರು.

"ನಂಗೇನಾಗಿದೆ? ಹುಷಾರಿಲ್ಲದ್ದು ಅವರ ಉದ್ದಿಗೆ. ಕೊಡಿ ಇಲ್ಲಿ, ಉದ್ದಿನ ಪರವಾಗಿ ಬಾಳೆಹಣ್ಣು ನಾನೇ ಇಸ್ಕೊಳ್ತೀನಿ."

ಗದ್ದೆ ಕೊಯ್ಲಾದ ಮೇಲೆ ಅರ್ಧ ಎಕರೆ ಉದ್ದು ಬಿತ್ತಿದ್ದರು. "ನಿಮಗೇ ಗೊತ್ತಾಗಲ್ವಾ ಸಾರ್?" ಅಂದರೆ, "ಮನೆ ರೋಗಿಗೆ ಮನೆ ಡಾಕ್ಟರು ಆಗಲ್ಲ" ಅಂದರು. ನಾನು ಇಳಿದೆ. ಬೇರು ನೋಡಿದೆ, ಎಲೆ ನೋಡಿದೆ, ಭೂತಗನ್ನಡಿ ಹಿಡಿದೆ. ಆರೇಳು ಗಿಡದ ಎಲೆಗಳಲ್ಲಿ ಹಳದಿ ಮಚ್ಚೆ. ಹಳದಿ ನಂಜು ರೋಗ, ಬಿಳಿನೊಣ ತಂದದ್ದು. ಬಂದ ಗಿಡಕ್ಕೆ ಔಷಧಿ ಇಲ್ಲ. ಈಗಲೇ ಕಿತ್ತು ಹೂತರೆ ಉಳಿದ ಬೆಳೆ ಉಳಿಯುತ್ತದೆ.

"ಹ್ಞೂಂ" ಅಂದೆ. ಎರಡು ಬೆರಳು ಮಡಚಿ ಅವರನ್ನು ಬದುವಿಗೆ ಕರೆದೆ. ಅವರು ರೈತನ ಹಾಗೆ ಕೈಕಟ್ಟಿಕೊಂಡು ಬಂದರು. ಕಿವಿಯಲ್ಲಿ ಹೇಳಿದೆ.

"ಆಂ?"

ಮತ್ತೆ ಹೇಳಿದೆ.

"ಜೋರಾಗಿ ಹೇಳ್ರಿ ಪದವೀಧರರೇ, ಈಗ ಎರಡೂ ಕಿವಿ ಮಂದ."

ಇನ್ನಷ್ಟು ಜೋರಾಗಿ ಹೇಳಬೇಕು ಅನ್ನುವಷ್ಟರಲ್ಲಿ ಪಕ್ಕದ ಹೊಲದಲ್ಲಿ ಗುರುಗುಡುತ್ತಿದ್ದ ಪವರ್ ಸ್ಪ್ರೇಯರ್ ನಿಂತಿತು. ಹೊಲದಾತ ಅದನ್ನು ಬೆನ್ನಿಗೆ ಕಟ್ಟಿಕೊಂಡೇ, ಏನೋ ಕಳೆದುಕೊಂಡವನ ಹಾಗೆ ಬದುವಿನ ಹುಲ್ಲಿನಲ್ಲಿ ಹುಡುಕುತ್ತ, ನಮ್ಮ ಕಡೆಗೇ ಬರುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡೆ. ಇಡೀ ಬಯಲಿಗೆ ಕೇಳುವಂತೆ ಕೂಗಿದೆ.

"ನಿಮ್ಮೊಬ್ಬರದೇ ಸರಿ ಇರೋದು ಸಾರ್. ಯಾರಿಗೂ ಹೇಳ್ಬೇಡಿ, ಹೊಟ್ಟೆಕಿಚ್ಚು ಪಡ್ತಾರೆ."

ಹುಲ್ಲಿನಲ್ಲಿ ಹುಡುಕುತ್ತಿದ್ದವನ ಮುಖ ಇಳಿಯಿತು. ಡಾಕ್ಟರು ನನ್ನನ್ನೇ ನೋಡಿದರು. ಆಮೇಲೆ ಅವರ ಭುಜ ಕುಣಿಯಲು ಶುರುವಾಯಿತು. ನಗುತ್ತಲೇ ಹೊಲಕ್ಕಿಳಿದು, ನಾನು ತೋರಿಸದಿದ್ದರೂ, ನೇರವಾಗಿ ಆ ಆರೇಳು ಗಿಡಗಳನ್ನೇ ಒಂದೊಂದಾಗಿ ಕಿತ್ತು ಟವೆಲ್ಲಿನೊಳಗೆ ಮುಚ್ಚಿಕೊಂಡರು. ಮೊದಲೇ ಎಲ್ಲ ನೋಡಿಟ್ಟಿದ್ದರು, ನನ್ನನ್ನು ಪರೀಕ್ಷೆಗೆ ಕರೆಸಿದ್ದರು.

"ಟೀ ಕುಡಿಯೋಣ ಬನ್ನಿ ಡಾಕ್ಟ್ರೇ" ಅಂದರು.

ಆಮೇಲೆ ನಾನು ಅವರನ್ನು ನೋಡಲಿಲ್ಲ.

ಸುದ್ದಿ ತಿಳಿದ ದಿನ ಮಧ್ಯಾಹ್ನ ನಮ್ಮೂರಿಗೆ ಹೋದೆ. ಅಪ್ಪನಿಗೆ ಹೇಳಿದೆ. ಅವನು ಎದ್ದು ಹಿತ್ತಿಲಿಗೆ ನಡೆದು, ಅಲ್ಲಿಂದ ಎರಡು ಬೆರಳು ಮಡಚಿ ಕರೆದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಅವತ್ತು ಗದ್ದೆ ಬದುವಿನ್ಯಾಗೆ ಅವರು ಒಂದು ಮಾತು ಹೇಳಿದ್ರು. ಯಾರಿಗೂ ಹೇಳ್ಬೇಡ್ರಿ ಅಂದಿದ್ರು, ಅದಕ್ಕೇ ಹೇಳ್ಲಿಲ್ಲ. ಈಗ ಅವರೇ ಇಲ್ಲ, ಹೇಳಿದ್ರೆ ನಡೀತೈತಿ." ಇನ್ನೂ ಹತ್ತಿರ ಬಂದ. "ಡಿಗ್ರಿ ಮಾಡಿದೋರನ್ನ ಭಾಳ ಜನಾನ ನೋಡೀನಿ, ನಿಮ್ ಮಗಳೊಬ್ಬಳೇ ಸರಿ ಇರೋದು. ಯಾರಿಗೂ ಹೇಳ್ಬೇಡ್ರಿ, ಹೊಟ್ಟೆಕಿಚ್ಚು ಪಡ್ತಾರೆ ಅಂದ್ರು."

ಆ ಮಾತಿನ ಬೆಲೆ ನನಗೆ ಗೊತ್ತಿತ್ತು. ಹದಿನಾಲ್ಕು ಗದ್ದೆಗೆ ಹಂಚಿದ ಮಾತು ಅದು. ನನ್ನ ಹಿಂದೆ ಮುಂದೆ ಬಂದ ಇನ್ನೆಷ್ಟು ಪದವೀಧರರ ಅಪ್ಪಂದಿರಿಗೆ ಹೇಳಿದ್ದರೋ. ಆದರೆ ಅವರ ಲೆಕ್ಕವೂ ನನಗೆ ಗೊತ್ತು. 'ಒಬ್ಬಳೇ' ಅನ್ನುವುದು ಒಗ್ಗರಣೆ ಇರಬಹುದು. 'ಸರಿ' ಅನ್ನುವುದನ್ನು ಅವರು ಬೇರು ನೋಡದೆ ಹೇಳುವವರಲ್ಲ.

ಅಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. "ಇಷ್ಟು ದಿನ ಯಾರಿಗೂ ಹೇಳಿಲ್ವಾ?" ಅಂತ ಮಾತ್ರ ಕೇಳಿದೆ.

"ಎಮ್ಮೆ ಮುಂದೆ ಒಂದೆರಡು ಸಲ ಅಂದಿದ್ದೆ" ಅಂದ ಅಪ್ಪ. "ಅದು ಹೇಳೋ ಪೈಕಿ ಅಲ್ಲ."